ಕ್ಯಾಲೊರಿಯ ಲೆಕ್ಕ, ದೇಹದ ಕಾಲಮಾನ

ಉಣ್ಣುವುದನ್ನು ಕ್ಯಾಲೊರಿಯಲ್ಲಿ ಅಳೆದುಕೊಂಡು, ದಿನವೂ ಒಂದಷ್ಟು ಹೊತ್ತು ನಡೆದೋ ಓಡಿಯೋ ತೂಕ ಇಳಿಸಿಕೊಳ್ಳುವ ಪದ್ಧತಿ ಇಂದು ದೊಡ್ಡ ನಗರಗಳ ಜಿಮ್ಮುಗಳಿಗಷ್ಟೇ ಸೀಮಿತವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ. 30ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಹಾಗಾಗಿ ಇಡ್ಲಿ, ಮುದ್ದೆ, ಚಿತ್ರಾನ್ನಗಳ ಕ್ಯಾಲೊರಿ ಎಷ್ಟೆಂದು ಮೊಬೈಲಿನಲ್ಲಿ ನೋಡಿಕೊಳ್ಳುವವರು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. ಹೀಗೆ ಶ್ರದ್ಧೆಯಿಂದ ಲೆಕ್ಕ ಇಟ್ಟವರಲ್ಲಿ ಬಹಳ ಮಂದಿ ಒಂದು ಘಟ್ಟದಲ್ಲಿ ಎದೆಗುಂದುತ್ತಾರೆ. ತೂಕ ಇಳಿಯುತ್ತಿರುತ್ತದೆ, ಆದರೆ ಲೆಕ್ಕ ಹೇಳಿದ ವೇಗದಲ್ಲಿ ಇಳಿಯುವುದಿಲ್ಲ. ಆಗ ಕೆಲವರು ತಮ್ಮ ಮನೋಬಲವನ್ನೇ ಶಂಕಿಸುತ್ತಾರೆ, ಕೆಲವರು ಕ್ಯಾಲೊರಿ ಎಂಬುದೇ ಸುಳ್ಳೆಂದು ಕೈಬಿಡುತ್ತಾರೆ. ಈ ಲೆಕ್ಕ ಹುಟ್ಟಿ ಬೆಳೆದ ಬಗೆಯನ್ನು ನೋಡಿದರೆ ಎರಡು ತೀರ್ಮಾನಗಳಿಗೂ ಆಧಾರವಿಲ್ಲ ಎಂಬುದು ತಿಳಿಯುತ್ತದೆ. ಕ್ಯಾಲೊರಿಯ ಗಣಿತ ನಿಜ. ಅದರ ಜೊತೆ ಬಂದಿರುವ ವೇಗದ ಭರವಸೆ ಮಾತ್ರ ಬಹಳ ತಡವಾಗಿ ಸೇರಿಕೊಂಡದ್ದು, ಅದಕ್ಕೆ ಪ್ರಯೋಗಗಳ ಬೆಂಬಲವೂ ಇರಲಿಲ್ಲ. ನಿಧಾನವಾಗಿ, ಬಿಡದೆ ಇಳಿಯುವ ತೂಕವೇ ದೇಹದ ಸಹಜ ನಡೆ ಎಂಬುದನ್ನು ಈ ವಿಜ್ಞಾನದ ಚರಿತ್ರೆ ಮತ್ತೆ ಮತ್ತೆ ತೋರಿಸಿದೆ.

ಮನುಷ್ಯನ ದೇಹವನ್ನು ಕ್ರಮವಾಗಿ ತೂಗಿ ನೋಡುವ ಕೆಲಸ ಕ್ಯಾಲೊರಿಗಿಂತ ಎರಡು ಶತಮಾನ ಹಳೆಯದು. ಇಟಲಿಯ ವೈದ್ಯ ಸಾಂತೋರಿಯೊ ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕೂತು ವರ್ಷಗಟ್ಟಲೆ ತನ್ನನ್ನು ತಾನೇ ತೂಗಿಕೊಂಡ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿದ. 1614ರಲ್ಲಿ ಪ್ರಕಟವಾದ ಅವನ ಗ್ರಂಥದ ಮುಖ್ಯ ಶೋಧವೆಂದರೆ, ದಿನಕ್ಕೆ ಎಂಟು ಪೌಂಡು ಅನ್ನಪಾನ ಒಳಗೆ ಹೋದರೆ ಅದರಲ್ಲಿ ಸುಮಾರು ಐದು ಪೌಂಡು ಕಣ್ಣಿಗೆ ಕಾಣದ ರೀತಿಯಲ್ಲಿ ಚರ್ಮದಿಂದಲೂ ಉಸಿರಿನಿಂದಲೂ ಹೊರಟುಹೋಗುತ್ತದೆ ಎಂಬುದು. ಏಕೆ ಹೀಗಾಗುತ್ತದೆ ಎಂದು ಹೇಳುವ ರಸಾಯನಶಾಸ್ತ್ರ ಆಗ ಇರಲಿಲ್ಲ. ಆದರೆ ದಿನದ ತೂಕದಲ್ಲಿ ಏರಿಳಿಯುವ ಪಾಲು ಬಹುತೇಕ ನೀರಿನದು ಎಂಬ ಸಂಗತಿಗೆ ಅವನ ಅಂಕಿಗಳೇ ಮೊದಲ ಸಾಕ್ಷಿ. ಇಂದು ಒಬ್ಬರು ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಂಡರೆ ಕರಗುವ ಕೊಬ್ಬು ಹೆಚ್ಚೆಂದರೆ 65 ಗ್ರಾಂ. ಅದೇ ದಿನ ಉಪ್ಪಿನಕಾಯಿ ತುಸು ಹೆಚ್ಚಾದರೆ, ಹೊಸದಾಗಿ ಶುರುಮಾಡಿದ ವ್ಯಾಯಾಮದಿಂದ ಸ್ನಾಯುಗಳು ನೀರು ಹಿಡಿದುಕೊಂಡರೆ, ಹೆಂಗಸರಿಗೆ ಮುಟ್ಟಿನ ದಿನಗಳು ಹತ್ತಿರವಾದರೆ, ಒಂದು ಕಿಲೊ ನೀರು ಆಚೀಚೆ ಆಗುವುದು ಸಾಮಾನ್ಯ. ಒಂದು ಕಿಲೊ ನೀರಿನ ಏರಿಳಿತದಡಿ 65 ಗ್ರಾಂ ಕೊಬ್ಬು ಕಾಣಿಸುವುದು ಅಸಾಧ್ಯ. ಇಂದಿನ ತೂಕವನ್ನು ನಿನ್ನೆಯದರೊಂದಿಗೆ ಹೋಲಿಸಿ ನಿರಾಶರಾಗುವವರು ನೀರನ್ನು ನೋಡಿ ಕೊಬ್ಬಿನ ಬಗ್ಗೆ ತೀರ್ಪು ಕೊಡುತ್ತಿರುತ್ತಾರೆ.

ಆಹಾರ ದೇಹದೊಳಗೆ ಉರಿದು ಶಾಖವಾಗುತ್ತದೆ ಎಂಬುದಕ್ಕೆ ಪುರಾವೆ ದೊರೆತದ್ದು ಪ್ಯಾರಿಸ್ಸಿನಲ್ಲಿ. 1783ರ ಸುಮಾರಿಗೆ ಲಾವೋಸಿಯೆ ಮತ್ತು ಲಾಪ್ಲಾಸ್ ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಳಗೆ ಗಿನಿಯಿಲಿಯೊಂದನ್ನು ಇಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ಅಳೆದರು. ಅದು ಬಿಟ್ಟ ಉಸಿರಿನ ಅನಿಲದ ಪ್ರಮಾಣವನ್ನೂ ಅಳೆದು, ಉಸಿರಾಟವೂ ಇದ್ದಿಲು ಉರಿಯುವುದೂ ಒಂದೇ ಬಗೆಯ ಕ್ರಿಯೆ ಎಂಬ ನಿರ್ಣಯಕ್ಕೆ ಬಂದರು. ಮುಂದಿನ ಶತಮಾನದಲ್ಲಿ ಜರ್ಮನಿಯ ಮ್ಯಾಕ್ಸ್ ರೂಬ್ನರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಪ್ರಾಣಿ ತಿಂದ ಆಹಾರದ ಶಕ್ತಿಗೂ ಅದು ಹೊರಬಿಟ್ಟ ಶಾಖಕ್ಕೂ ತಾಳೆ ಇದೆಯೆಂದು ತೋರಿಸಿದ. ಇದೇ ಪರಂಪರೆಯಲ್ಲಿ ಕಲಿತು ಅಮೆರಿಕಕ್ಕೆ ಮರಳಿದ ವಿಲ್ಬರ್ ಆಟ್‌ವಾಟರ್ ಕನೆಕ್ಟಿಕಟ್‌ನ ಮಿಡಲ್‌ಟೌನಿನಲ್ಲಿ, ಭೌತವಿಜ್ಞಾನಿ ರೋಸಾ ಜೊತೆಗೂಡಿ, ಮನುಷ್ಯನೊಬ್ಬ ದಿನಗಟ್ಟಲೆ ಒಳಗಿರಬಲ್ಲ ಉಷ್ಣಮಾಪಕ ಕೋಣೆಯನ್ನೇ ಕಟ್ಟಿದ. ಒಳಗೆ ಮಡಚುವ ಮಂಚ, ಕುರ್ಚಿ, ಮೇಜು. ಊಟ ಒಂದು ಚಿಕ್ಕ ಕಿಂಡಿಯಿಂದ ಒಳಗೆ ಹೋಗುತ್ತಿತ್ತು. ಕೊಳವೆಗಳಲ್ಲಿ ಹರಿಯುವ ನೀರು ಆತನ ಮೈಶಾಖವನ್ನು ಹೊತ್ತು ಹೊರಬರುತ್ತಿತ್ತು. 1890ರ ದಶಕದ ಕೊನೆಯಲ್ಲಿ ಶುರುವಾದ ಈ ಪ್ರಯೋಗಗಳಲ್ಲಿ ಒಳಹೋದ ಶಕ್ತಿಗೂ ಹೊರಬಂದ ಶಕ್ತಿಗೂ ಇದ್ದ ಸರಾಸರಿ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬಿಗೆ 9 ಎಂದು ನಾವು ಇಂದಿಗೂ ಪೊಟ್ಟಣಗಳ ಮೇಲೆ ಓದುವ ಲೆಕ್ಕ ಆಟ್‌ವಾಟರನ ಕೆಲಸದಿಂದ ಬಂದದ್ದು. ಕ್ಯಾಲೊರಿಯನ್ನು ಕಟ್ಟುಕತೆ ಎನ್ನುವವರು ಈ ಕೋಣೆಯ ಫಲಿತಾಂಶಕ್ಕೆ ಉತ್ತರ ಕೊಡಬೇಕಾಗುತ್ತದೆ.

ಆದರೆ ಆಟ್‌ವಾಟರನ ಗುರಿ ಯಾರನ್ನೂ ತೆಳ್ಳಗೆ ಮಾಡುವುದಾಗಿರಲಿಲ್ಲ. ಕಾರ್ಖಾನೆಯ ಕಾರ್ಮಿಕ ತನ್ನ ಕೂಲಿಯ ಬಹುಪಾಲನ್ನು ಆಹಾರಕ್ಕೇ ಸುರಿಯುತ್ತಿದ್ದ ಕಾಲ ಅದು. ಅದೇ ಕಾಸಿಗೆ ಹೆಚ್ಚು ಪೋಷಣೆ ಎಲ್ಲಿ ಸಿಗುತ್ತದೆ ಎಂದು ತೋರಿಸುವುದು ಅವನ ಆಸೆ. ವಿಟಮಿನ್ನುಗಳ ತಿಳಿವು ಇನ್ನೂ ಬಂದಿರದ ಕಾರಣ, ಸೊಪ್ಪು ಹಣ್ಣುಗಳನ್ನು ಅವನು ದುಬಾರಿ ಶೋಕಿ ಎಂದೇ ಕಂಡ. ಭಾರತದಲ್ಲೂ ಕ್ಯಾಲೊರಿ ಹಸಿವಿನ ಅಳತೆಯಾಗಿಯೇ ಕಾಲಿಟ್ಟಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಆರಂಭಿಸಿದ ಸಂಶೋಧನೆ ಮುಂದೆ ಪೋಷಣಾ ಪ್ರಯೋಗಾಲಯವಾಗಿ ಬೆಳೆಯಿತು. ಅಲ್ಲಿ ನಿರ್ದೇಶಕರಾಗಿದ್ದ ವಾಲೆಸ್ ಅಕ್ರಾಯ್ಡ್ 1937ರಲ್ಲಿ ನಮ್ಮ ದವಸಧಾನ್ಯ ಬೇಳೆಕಾಳುಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿದರು. 1958ರಲ್ಲಿ ಆ ಪ್ರಯೋಗಾಲಯ ಹೈದರಾಬಾದಿಗೆ ಹೋಗಿ, ನಂತರ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ನಮ್ಮ ಊಟದ ಕ್ಯಾಲೊರಿ ಹೇಳುವ ಇಂದಿನ ಪಟ್ಟಿಗಳು ಬಹುಪಾಲು ನಿಂತಿರುವುದು ಈ ಬುನಾದಿಯ ಮೇಲೆ. 1971ರಲ್ಲಿ ದಾಂಡೇಕರ್ ಮತ್ತು ರಥ್ ಬಡತನವನ್ನು ಅಳೆಯಲು ದಿನಕ್ಕೆ 2,250 ಕ್ಯಾಲೊರಿಯ ಗಡಿ ಹಾಕಿದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಅದನ್ನು ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದು ಮಾಡಿತು. ಇವೆಲ್ಲ ಜನಸಮೂಹದ ಸರಾಸರಿಗಳು. ಲಕ್ಷಾಂತರ ಮಂದಿಗೆ ಎಷ್ಟು ಧಾನ್ಯ ಬೇಕು ಎಂಬ ಪ್ರಶ್ನೆಗೆ ಸರಾಸರಿ ಸರಿಯಾದ ಉತ್ತರ ಕೊಡುತ್ತದೆ. ಒಬ್ಬ ವ್ಯಕ್ತಿಯ ಮುಂದಿನ ವಾರದ ತೂಕದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಸಮೂಹದ ಈ ಅಳತೆ ಒಂದೊಂದೇ ತಟ್ಟೆಗೆ ಇಳಿದದ್ದು ಮೊದಲ ಮಹಾಯುದ್ಧದ ಕಾಲಕ್ಕೆ. ಯುರೋಪಿನ ಮಿತ್ರರಾಷ್ಟ್ರಗಳಿಗೆ ಆಹಾರ ಕಳಿಸಬೇಕಿದ್ದ ಅಮೆರಿಕ ತನ್ನ ಪ್ರಜೆಗಳಿಗೆ ಮಿತವಾಗಿ ಉಣ್ಣಿ ಎಂದು ಕರೆ ಕೊಟ್ಟಿತ್ತು. ಲಾಸ್ ಏಂಜಲಿಸ್‌ನ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ಹೊರತಂದ ಪಥ್ಯದ ಪುಸ್ತಕ ಈ ಹೊತ್ತಿಗೆ ಸರಿಯಾಗಿ ಬಂತು. ಇಷ್ಟು ತುಂಡು ರೊಟ್ಟಿ ಎನ್ನುವ ಬದಲು ಇಷ್ಟು ಕ್ಯಾಲೊರಿ ರೊಟ್ಟಿ ಎಂದು ಯೋಚಿಸಲು ಆಕೆ ಕಲಿಸಿದರು. ಆಹಾರವನ್ನೆಲ್ಲ ನೂರು ಕ್ಯಾಲೊರಿಯ ಪಾಲುಗಳಾಗಿ ವಿಂಗಡಿಸಿ ಕೊಟ್ಟರು. 1920ರ ದಶಕದಲ್ಲಿ ಅದು ಅಮೆರಿಕದ ಅತಿ ಹೆಚ್ಚು ಮಾರಾಟದ ಪುಸ್ತಕಗಳ ಸಾಲಿನಲ್ಲಿತ್ತು. ಮನೆಯಲ್ಲೇ ನಿಂತು ನೋಡಿಕೊಳ್ಳುವ ತೂಕದ ಯಂತ್ರಗಳೂ ಅದೇ ಸುಮಾರಿಗೆ ಬಳಕೆಗೆ ಬಂದವು. ಹೀಗೆ ಎರಡು ಸಂಖ್ಯೆಗಳು, ಒಂದು ತಟ್ಟೆಯದು, ಇನ್ನೊಂದು ಮೈಯದು, ಮೊದಲ ಬಾರಿಗೆ ಒಬ್ಬರ ಕೈಯಲ್ಲೇ ದಿನದಿನವೂ ಎದುರುಬದುರಾದವು. ಪ್ರಯೋಗಾಲಯದಲ್ಲಿ ಪರಿಣತರು ದಿನಗಟ್ಟಲೆ ಅಳೆದು ತಾಳೆ ನೋಡುತ್ತಿದ್ದದ್ದನ್ನು ಜನ ದಿನದ ಕೊನೆಗೇ ತಾಳೆ ನೋಡಲು ತೊಡಗಿದರು. ಇಂದಿನ ನಿರಾಶೆಯ ಬೇರು ಇರುವುದು ಇಲ್ಲಿ.

ಕ್ಯಾಲೊರಿ ಎಣಿಸದೆಯೂ ತೂಕ ಇಳಿಸಿ, ಅದರ ದಾಖಲೆ ಇಟ್ಟವರೊಬ್ಬರ ಉದಾಹರಣೆ ಇದಕ್ಕೂ ಹಿಂದಿನದು. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ಕಸುಬಿನ ವಿಲಿಯಂ ಬ್ಯಾಂಟಿಂಗ್ 1863ರಲ್ಲಿ ತನ್ನ ಬೊಜ್ಜಿನ ಕುರಿತು ಒಂದು ಕಿರುಹೊತ್ತಿಗೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಹಂಚಿದ. ಐದು ಅಡಿ ಐದು ಅಂಗುಲ ಎತ್ತರದ ಆತ 202 ಪೌಂಡು ತೂಗುತ್ತಿದ್ದ. ವೈದ್ಯ ವಿಲಿಯಂ ಹಾರ್ವಿಯ ಸಲಹೆಯಂತೆ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಟ್ಟು, ಸುಮಾರು ಒಂದು ವರ್ಷದಲ್ಲಿ 46 ಪೌಂಡು, ಅಂದರೆ ಹತ್ತಿರ ಹತ್ತಿರ 21 ಕಿಲೊ ಇಳಿಸಿದ. ವಾರಕ್ಕೆ ಹಂಚಿದರೆ 400 ಗ್ರಾಮಿನ ಆಸುಪಾಸು. ತನ್ನ ತೂಕವನ್ನು ಆತ ವಾರಗಳ ಅಂತರದಲ್ಲಿ ಪಟ್ಟಿಮಾಡಿದ್ದ. ಎರಡು ಮೂರು ವಾರಕ್ಕೊಮ್ಮೆ ಎರಡು ಮೂರು ಪೌಂಡು ಇಳಿಯುತ್ತ ಹೋಗುವ ಆ ಪಟ್ಟಿಯಲ್ಲಿ ಎಲ್ಲೂ ಚಮತ್ಕಾರವಿಲ್ಲ. ಇದನ್ನು ಯಾರೂ ನಿಧಾನ ಎಂದು ಆಗ ಹಳಿಯಲಿಲ್ಲ. ಹೊತ್ತಿಗೆ ಹಲವು ಮುದ್ರಣ ಕಂಡು, ಆತನ ಹೆಸರೇ ಪಥ್ಯಕ್ಕೆ ಪರ್ಯಾಯವಾಯಿತು. ಆರು ದಶಕ ದಾಟಿದ ವಯಸ್ಸಿನಲ್ಲಿ ಒಂದು ವರ್ಷದ ತಾಳ್ಮೆಯನ್ನು ಆತನೂ ಓದುಗರೂ ಸಹಜವೆಂದೇ ಒಪ್ಪಿದ್ದರು. ಮೊದಲೇ ಹೇಳಿಕೊಟ್ಟ ವೇಗವೊಂದು ಅವರ ಮುಂದೆ ಇರಲಿಲ್ಲ.

ಆ ವೇಗ ಬಂದದ್ದು 1958ರಲ್ಲಿ. ಅಮೆರಿಕದ ವೈದ್ಯ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಒಂದು ಪೌಂಡು ದೇಹತೂಕ ಸುಮಾರು 3,500 ಕ್ಯಾಲೊರಿಗೆ ಸಮ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಶೇಖರವಾದ ಕೊಬ್ಬಿನಲ್ಲಿರುವ ಶಕ್ತಿಯ ಅಂದಾಜಾಗಿ ಇದು ಸರಿಯೇ. ಆದರೆ ಇದನ್ನು ಮುಂದಿನ ದಿನಗಳ ಭವಿಷ್ಯ ಹೇಳುವ ಸೂತ್ರವಾಗಿ ಪಠ್ಯಪುಸ್ತಕಗಳೂ ಪತ್ರಿಕೆಗಳೂ ಬಳಸತೊಡಗಿದವು. ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಂಡರೆ ವಾರಕ್ಕೊಂದು ಪೌಂಡು, ವರ್ಷಕ್ಕೆ 52 ಪೌಂಡು ಎಂದಾಯಿತು. ದೇಹ ಹಾಗೆ ಸರಳರೇಖೆಯಲ್ಲಿ ಇಳಿಯುವುದಿಲ್ಲ ಎಂಬ ಪುರಾವೆ ಆಗಲೇ ಗ್ರಂಥಾಲಯಗಳಲ್ಲಿತ್ತು. ಎರಡನೆಯ ಮಹಾಯುದ್ಧದ ಕೊನೆಗೆ, ಬರಗಾಲಕ್ಕೆ ಸಿಕ್ಕ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯಲು, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಯುವಕರ ಮೇಲೆ ಅವರ ಒಪ್ಪಿಗೆಯಿಂದ ಪ್ರಯೋಗ ನಡೆಸಿದ್ದರು. ಅವರೆಲ್ಲ ಯುದ್ಧದಲ್ಲಿ ಆಯುಧ ಹಿಡಿಯಲು ಒಲ್ಲೆನೆಂದವರು. 24 ವಾರ ದಿನಕ್ಕೆ ಸರಾಸರಿ 1,600ರ ಒಳಗಿನ ಕ್ಯಾಲೊರಿ ಉಂಡು, ವಾರಕ್ಕೆ 22 ಮೈಲಿ ನಡೆದು, ಅವರು ಹತ್ತಿರ ಹತ್ತಿರ ಕಾಲುಭಾಗ ತೂಕ ಕಳೆದುಕೊಂಡರು. ಮೊದಲ ವಾರಗಳಲ್ಲಿ ಬೇಗ ಇಳಿದ ತೂಕ ಕೊನೆಯ ವಾರಗಳಲ್ಲಿ ನಿಂತೇಹೋದಂತಾಯಿತು. ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿ ಶೇ. 40ರ ಸುಮಾರಿಗೆ ಕುಸಿದಿತ್ತು. ಕರಗಿದ ಮೈಯಿಂದಾಗಿ ಕುಸಿದದ್ದು ಅದರ ದೊಡ್ಡ ಪಾಲು. ಉಳಿದ ಜೀವಕೋಶಗಳೇ ಮಿತವ್ಯಯಕ್ಕೆ ಇಳಿದದ್ದರಿಂದ ಆದದ್ದು ಇನ್ನೊಂದು ಪಾಲು. 1950ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಈ ದಾಖಲೆಯನ್ನು ಪಕ್ಕಕ್ಕಿಟ್ಟು, ಜನಪ್ರಿಯ ಪಥ್ಯಗಳು 3,500ರ ಸರಳ ಭಾಗಾಕಾರವನ್ನೇ ಆಯ್ದುಕೊಂಡವು.

ಈ ಅಂತರವನ್ನು ಗಣಿತದಲ್ಲಿ ಸರಿಪಡಿಸಿದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು ಕೊಟ್ಟ ಸರಾಸರಿ ಸೂತ್ರ ಹೀಗಿದೆ: ತೂಕ ಹೆಚ್ಚಿರುವ ವಯಸ್ಕರು ದಿನದ ಆಹಾರದಲ್ಲಿ ಶಾಶ್ವತವಾಗಿ ಕಡಿಮೆ ಮಾಡುವ ಪ್ರತಿ 24 ಕ್ಯಾಲೊರಿಗೆ ಕೊನೆಗೆ ಒಂದು ಕಿಲೊ ಇಳಿಯುತ್ತದೆ; ಅದರ ಅರ್ಧ ಇಳಿಯಲು ಒಂದು ವರ್ಷ, ಶೇ. 95ರಷ್ಟು ಇಳಿಯಲು ಮೂರು ವರ್ಷ ಬೇಕು. ಕೆರೆಯ ನೀರು ತುಂಬಿದ್ದಾಗ ತೂಬಿನಿಂದ ರಭಸವಾಗಿ ಹೊರಡುತ್ತದೆ, ಮಟ್ಟ ತಗ್ಗಿದಂತೆ ಅದೇ ತೂಬಿನ ಹರಿವು ತಾನಾಗಿ ಕುಗ್ಗುತ್ತದೆ; ದೇಹದ ಖರ್ಚೂ ಹಾಗೆಯೇ. ಹಗುರಾದ ಮೈಯನ್ನು ಹೊತ್ತು ನಡೆಯಲು, ಬೆಚ್ಚಗಿಡಲು ಕಡಿಮೆ ಶಕ್ತಿ ಸಾಕು. ಎರಡೂ ಸೂತ್ರಗಳನ್ನು ಒಬ್ಬರಿಗೇ ಅನ್ವಯಿಸಿ ನೋಡಬಹುದು. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದವರಿಗೆ ಹಳೆಯ ಸೂತ್ರ ವರ್ಷದ ಕೊನೆಗೆ 23 ಕಿಲೊಗೂ ಹೆಚ್ಚು ಇಳಿತವನ್ನು ಹೇಳುತ್ತದೆ. ಹೊಸ ಸೂತ್ರ ಹೇಳುವುದು ಹತ್ತು ಕಿಲೊ ಚಿಲ್ಲರೆ. ವರ್ಷವಿಡೀ ಶಿಸ್ತಿನಿಂದ ನಡೆದು ಹತ್ತು ಕಿಲೊ ಇಳಿಸಿದ ವ್ಯಕ್ತಿ ಹಳೆಯ ಲೆಕ್ಕದ ಮುಂದೆ ಅರ್ಧಕ್ಕೂ ಕಡಿಮೆ ಸಾಧಿಸಿದವನಂತೆ ಕಾಣುತ್ತಾನೆ. ವಿಜ್ಞಾನದ ಮುಂದೆ ಆತ ಹೇಳಿದ್ದನ್ನು ಪೂರ್ತಿ ಮಾಡಿದವನು. ಈ ಒಂದು ವ್ಯತ್ಯಾಸ ತಿಳಿಯದೆ ಎಷ್ಟೋ ಮಂದಿ ಸರಿಯಾದ ದಾರಿಯಲ್ಲಿದ್ದಾಗಲೇ ಅದನ್ನು ಬಿಟ್ಟುಕೊಟ್ಟಿದ್ದಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಲೆಕ್ಕದ ನಿಖರತೆಯದು. ಅಂಕಿಗಳೇ ಅಂದಾಜಾದರೆ ಎಣಿಸುವುದರಿಂದ ಏನು ಪ್ರಯೋಜನ? ಆಕ್ಷೇಪದಲ್ಲಿ ಹುರುಳಿದೆ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, 1,200ಕ್ಕಿಂತ ಕಡಿಮೆ ಕ್ಯಾಲೊರಿ ಉಂಡರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಮಂದಿಯನ್ನು ಪರೀಕ್ಷಿಸಿದರು. ಅವರ ದೇಹದ ಶಕ್ತಿಯ ಖರ್ಚಿನಲ್ಲಿ ದೋಷವಿರಲಿಲ್ಲ. ಅವರು ಉಂಡದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ಬರೆದಿದ್ದರು. ಒಗ್ಗರಣೆಯ ಎಣ್ಣೆ, ಮಧ್ಯೆ ಬಾಯಿಗೆ ಹಾಕಿಕೊಂಡ ಹಿಡಿ ಕಡಲೆಕಾಯಿ ಯಾರ ಲೆಕ್ಕದಿಂದಲೂ ಸುಲಭವಾಗಿ ಜಾರಿಹೋಗುತ್ತವೆ. ಪಟ್ಟಿಗಳೂ ಪೂರ್ತಿ ನಿಖರವಲ್ಲ. ಬಾದಾಮಿಯಂಥ ಕಾಳನ್ನು ಇಡಿಯಾಗಿ ಅಗಿದು ತಿಂದಾಗ ಅದರ ಶಕ್ತಿಯಲ್ಲಿ ಒಂದು ಭಾಗ ಜೀರ್ಣವಾಗದೆ ಹೋಗುತ್ತದೆ. ನಮ್ಮ ನಾಡಿನ ಕೆಲಸವೊಂದೂ ಇಲ್ಲಿ ಮುಖ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್ ಮೊದಲಾದವರು 1980, 90ರ ದಶಕಗಳಲ್ಲಿ ವಿಶ್ರಾಂತಿಯಲ್ಲಿರುವ ಭಾರತೀಯ ದೇಹದ ಶಕ್ತಿಯ ಖರ್ಚನ್ನು ಅಳೆದರು. ಹೆಚ್ಚಾಗಿ ಪಾಶ್ಚಾತ್ಯರ ಅಳತೆಗಳಿಂದ ರೂಪುಗೊಂಡ ಅಂತಾರಾಷ್ಟ್ರೀಯ ಸಮೀಕರಣಗಳು ಭಾರತೀಯರ ಖರ್ಚನ್ನು ಇರುವುದಕ್ಕಿಂತ ಹೆಚ್ಚಾಗಿ ಅಂದಾಜಿಸುತ್ತವೆ ಎಂಬುದು ಇಂಥ ಅಧ್ಯಯನಗಳಿಂದ ತಿಳಿಯಿತು. ಅಂಥ ಸಮೀಕರಣಗಳನ್ನೇ ನೆಚ್ಚಿದ ಆ್ಯಪ್ ಕನ್ನಡಿಗರೊಬ್ಬರಿಗೆ 500 ಕ್ಯಾಲೊರಿಯ ಕೊರತೆ ಇದೆ ಎಂದಾಗ ನಿಜವಾದ ಕೊರತೆ ಅದಕ್ಕಿಂತ ಕಡಿಮೆ ಇರುವ ಸಂಭವವೇ ಹೆಚ್ಚು.

ಆದರೆ ಇವೆಲ್ಲವೂ ಎಣಿಕೆಯನ್ನು ಬಿಡಬೇಕೆಂಬುದಕ್ಕೆ ಕಾರಣವಾಗುವುದಿಲ್ಲ. ಒಂದೇ ಬಗೆಯ ತಪ್ಪು ದಿನವೂ ಒಂದೇ ಪ್ರಮಾಣದಲ್ಲಿ ನಡೆದರೆ, ತಿಂಗಳ ತೂಕವನ್ನು ನೋಡಿ ಅದನ್ನು ಪತ್ತೆಹಚ್ಚಬಹುದು. ಆ್ಯಪ್ ಹೇಳಿದ ಕೊರತೆಗೆ ತಿಂಗಳಿಗೆ ಎರಡು ಕಿಲೊ ಇಳಿಯಬೇಕಿದ್ದು ಒಂದೇ ಇಳಿದರೆ, ಆ ಒಂದು ಕಿಲೊ ಆ ವ್ಯಕ್ತಿಯ ನಿಜವಾದ ಕೊರತೆಯನ್ನು ಯಾವ ಸಮೀಕರಣಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ನಮ್ಮವರೇ ಆದ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಬಡತನರೇಖೆಯ ಚರ್ಚೆಯಲ್ಲಿ ಎತ್ತಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಒಬ್ಬನೇ ವ್ಯಕ್ತಿಯ ಆಹಾರ ಮತ್ತು ಖರ್ಚು ದಿನದಿಂದ ದಿನಕ್ಕೆ, ವಾರದಿಂದ ವಾರಕ್ಕೆ ಏರಿಳಿಯುತ್ತವೆ, ಹಾಗಾಗಿ ಒಂದು ನಿಗದಿತ ಅಂಕಿಯಿಂದ ಯಾರನ್ನೂ ಅಳೆಯಬಾರದು ಎಂದು ಅವರು ವಾದಿಸಿದ್ದರು. ಬಡವರ ಹಸಿವನ್ನು ಕಡಿಮೆ ಮಾಡಿ ತೋರಿಸಲು ಆ ವಾದ ಬಳಕೆಯಾಗಬಹುದೆಂಬ ವಿರೋಧ ನ್ಯಾಯವಾಗಿಯೇ ಬಂತು. ಆದರೂ ದೇಹದ ಸಮತೋಲನವನ್ನು ಒಂದು ದಿನದಲ್ಲಿ ಹುಡುಕಬಾರದು ಎಂಬ ಅವರ ತಿಳಿವಳಿಕೆಯನ್ನು ತಳ್ಳಿಹಾಕುವುದು ಕಷ್ಟ.

ಎರಡನೆಯ ಆಕ್ಷೇಪ ವ್ಯಾಯಾಮದ್ದು. ಇಷ್ಟೆಲ್ಲ ಬೆವರಿಳಿಸಿದರೂ ತೂಕ ಅಷ್ಟೇ ಇರುವುದೇಕೆ? ಬ್ಯಾಂಟಿಂಗ್ ಪಥ್ಯಕ್ಕೆ ಮೊದಲು ಮುಂಜಾನೆ ದೋಣಿ ಹುಟ್ಟುಹಾಕಿ ನೋಡಿದ್ದ. ತೋಳಿನ ಬಲದ ಜೊತೆ ಹಸಿವೂ ಹೆಚ್ಚಿ ತೂಕ ಇಳಿಯಲಿಲ್ಲ. 2012ರಲ್ಲಿ ಹರ್ಮನ್ ಪಾಂಟ್ಸರ್ ತಂಡ ಟಾಂಜಾನಿಯದ ಹಾಡ್ಜಾ ಬೇಟೆಗಾರ ಜನರ ಶಕ್ತಿಯ ಖರ್ಚನ್ನು ಅಳೆದಾಗ, ಅಷ್ಟೆಲ್ಲ ನಡೆದಾಡುವ ಅವರ ದಿನದ ಖರ್ಚು, ಮೈಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಕುಳಿತು ಕೆಲಸಮಾಡುವ ಪಾಶ್ಚಾತ್ಯರಷ್ಟೇ ಇತ್ತು. ಅಂದರೆ ವ್ಯಾಯಾಮದ ಕ್ಯಾಲೊರಿ ಪೂರ್ತಿಯಾಗಿ ತೂಕದಲ್ಲಿ ಕಾಣಿಸುವುದಿಲ್ಲ. ಹಾಗೆಂದು ಅದು ವ್ಯರ್ಥವೆನ್ನುವುದು ಅವಸರದ ಮಾತು. ಇಳಿದ ತೂಕವನ್ನು ಉಳಿಸಿಕೊಂಡವರ ದಾಖಲೆಗಾಗಿ ಅಮೆರಿಕದಲ್ಲಿ 1994ರಲ್ಲಿ ಶುರುವಾದ ನೋಂದಣಿಯಲ್ಲಿ, ಬಹುಪಾಲು ಮಂದಿ ದಿನಕ್ಕೆ ಸುಮಾರು ಒಂದು ಗಂಟೆ ದೇಹ ದಂಡಿಸುವವರು. ಸ್ನಾಯು, ಹೃದಯ, ರಕ್ತದ ಸಕ್ಕರೆಗೆ ಅದರಿಂದ ಆಗುವ ಲಾಭವನ್ನು ತೂಕದ ಯಂತ್ರ ತೋರಿಸಲಾರದು. ಇಳಿಸುವ ಹೊಣೆ ಹೆಚ್ಚಾಗಿ ತಟ್ಟೆಯದು, ಉಳಿಸಿಕೊಳ್ಳುವ ಹೊಣೆ ಹೆಚ್ಚಾಗಿ ಕಾಲಿನದು ಎಂದು ತಿಳಿದರೆ ಎರಡರಿಂದಲೂ ತಪ್ಪು ನಿರೀಕ್ಷೆ ಇರುವುದಿಲ್ಲ.

ಮೂರನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ. ಬೇಗ ಇಳಿಸಿದರೆ ಬೇಗ ಮರಳುತ್ತದೆ ಎಂಬ ನಂಬಿಕೆಯನ್ನು ಮೆಲ್ಬರ್ನಿನ ಪ್ರಯೋಗವೊಂದು 2014ರಲ್ಲಿ ಪ್ರಶ್ನಿಸಿತು. ಅಲ್ಲಿ 12 ವಾರಗಳಲ್ಲಿ ಇಳಿಸಿದವರೂ 36 ವಾರಗಳಲ್ಲಿ ಇಳಿಸಿದವರೂ ಮೂರು ವರ್ಷಗಳ ಬಳಿಕ ಇಳಿದ ತೂಕದ ಶೇ. 70ರಷ್ಟನ್ನು ಮರಳಿ ಪಡೆದಿದ್ದರು. ಹಾಗಾಗಿ ನಿಧಾನದಲ್ಲಿ ಏನೋ ವಿಶೇಷ ಶಕ್ತಿಯಿದೆ ಎಂದು ಹೇಳಲು ಪುರಾವೆ ಸಾಲದು. ವೈದ್ಯರ ನಿಗಾದಲ್ಲಿ ಬೇಗ ಇಳಿಸುವುದು ಕೆಲವರಿಗೆ ಸರಿಯೂ ಇರಬಹುದು. ಆದರೆ ಈ ಪ್ರಯೋಗವನ್ನು ಸರಿಯಾಗಿ ಓದಿದರೆ ಅದು ಇಲ್ಲಿನ ವಾದವನ್ನೇ ಬಲಪಡಿಸುತ್ತದೆ. ಎರಡೂ ಗುಂಪುಗಳಲ್ಲಿ ತೂಕ ಇಳಿಸಿದವರು ಸೋತದ್ದು ಇಳಿಸುವ ಹಂತದಲ್ಲಲ್ಲ, ಅದರ ನಂತರದ ವರ್ಷಗಳಲ್ಲಿ. ತೂಕ ಇಳಿಸುವುದನ್ನು ಇಷ್ಟು ವಾರಗಳ ಕಾರ್ಯಕ್ರಮವೆಂದು ಎಣಿಸಿದಲ್ಲೆಲ್ಲ ಇದು ನಡೆಯುತ್ತದೆ. ವಾರಕ್ಕೆ 200 ಗ್ರಾಂ ಇಳಿಯುತ್ತ, ತಾನು ಜೀವನವಿಡೀ ಉಣ್ಣಬಲ್ಲ ಊಟವನ್ನೇ ಉಣ್ಣುತ್ತಿರುವ ವ್ಯಕ್ತಿ ಆ ನಂತರದ ವರ್ಷಗಳ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳುತ್ತಿರುತ್ತಾನೆ. ಸಂಖ್ಯೆಗಳ ಗೀಳು ಹಿಡಿದು ಊಟವೇ ಭಯವಾಗುವವರೂ ಇದ್ದಾರೆ. ಅವರಿಗೆ ಎಣಿಕೆ ಬೇಡ, ವೈದ್ಯರ ನೆರವು ಬೇಕು. ಉಳಿದವರಿಗೆ ಈ ಚರಿತ್ರೆ ಕೊಡುವ ಬುದ್ಧಿ ಸ್ಪಷ್ಟ. ತೂಕವನ್ನು ವಾರದ ಸರಾಸರಿಯಲ್ಲಿ ನೋಡಬೇಕು, ಕ್ಯಾಲೊರಿಯನ್ನು ತಿಂಗಳ ಫಲಿತಾಂಶದಿಂದ ತಿದ್ದಿಕೊಳ್ಳಬೇಕು, ಪ್ರಗತಿಯನ್ನು ವರ್ಷಗಳಲ್ಲಿ ಅಳೆಯಬೇಕು. ಪಥ್ಯ ಹೇಳುವ ವೈದ್ಯರೂ ಆ್ಯಪ್ ರೂಪಿಸುವವರೂ ವಾರಕ್ಕೊಂದು ಪೌಂಡಿನ ಹಳೆಯ ಭರವಸೆಯನ್ನು ಕೈಬಿಟ್ಟು, ಮೊದಲ ದಿನವೇ ಈ ನಿಧಾನವನ್ನು ಜನರಿಗೆ ತಿಳಿಸಬೇಕು. ಬ್ಯಾಂಟಿಂಗನ ಪಟ್ಟಿಯಿಂದ ಹಾಲ್ ಸೂತ್ರದವರೆಗೆ ಒಂದೂವರೆ ಶತಮಾನದ ಪುರಾವೆ ಇರುವಾಗ, ಸರಿಯಾಗಿ ನಡೆಯುತ್ತಿರುವವರನ್ನು ಸೋತವರೆಂದು ನಂಬಿಸುವುದನ್ನು ನಿಲ್ಲಿಸಲು ಹೊಸ ಸಂಶೋಧನೆಗಾಗಿ ಕಾಯಬೇಕಿಲ್ಲ.